ಸೀಟಿ ಟೀಚರ್ ಕಂಡ ಸರೋವರ

ನಗರಸಭೆಯ ಈಜುಕೊಳದಲ್ಲಿ ಅಪ್ಪಂದಿರಿಗೂ ಆಮೇಲೆ ಅವರ ಮಕ್ಕಳಿಗೂ ಈಜು ಕಲಿಸಿದ ಅವರನ್ನು ಊರೆಲ್ಲ ಸೀಟಿ ಟೀಚರ್ ಎಂದೇ ಕರೆಯುತ್ತಿತ್ತು. ಕೊರಳಲ್ಲಿ ಸದಾ ಒಂದು ಸೀಟಿ. ನಿವೃತ್ತಿಯಾದ ಮೇಲೂ ಅದು ಇಳಿಯಲಿಲ್ಲ. ರಸ್ತೆ ದಾಟುವಾಗ ಯಾರಾದರೂ ಅಡ್ಡಾದಿಡ್ಡಿ ನುಗ್ಗಿದರೆ ಊದಿಯೇ ಬಿಡುತ್ತಿದ್ದರು.

ಅವರು ಸಮಿತಿಗೆ ಸೇರಿದ್ದು ಭಾವನ ಕಾಟ ತಡೆಯಲಾರದೆ. ಭಾವ ಹಲ್ಲಿನ ಡಾಕ್ಟರು. ದೂರದ ಹೊರದೇಶವೊಂದರಲ್ಲಿ, ದೊಡ್ಡ ಸರೋವರದ ನಡುಗಡ್ಡೆಯ ಮೇಲೆ ಬಡಮಕ್ಕಳಿಗಾಗಿ ಒಂದು ಶಾಲೆ ನಡೆಯುತ್ತಿತ್ತು. ಅದರ ಬೆನ್ನಿಗೆ ನಿಂತಿದ್ದ ಸಮಿತಿಗೆ ಭಾವನೇ ಅಧ್ಯಕ್ಷ. ಸಂಬಳವಿಲ್ಲದ ಕೆಲಸ, ಒಬ್ಬ ಸದಸ್ಯರು ಬಿಟ್ಟುಹೋದದ್ದೇ ಸಭೆಗೆ ಬೇಕಾದಷ್ಟು ಜನರ ಕೋರಂ ಕೂಡದಂತಾಯಿತು.

“ನೀನು ಸುಮ್ನೆ ಬಂದು ಕೂತ್ಕೋ ತಾಯಿ. ಕೈ ಎತ್ತು ಅಂದಾಗ ಎತ್ತಿದ್ರೆ ಸಾಕು.”

“ನಿಮ್ಮ ಆ ಇನ್ನೊಂದು ಕುರ್ಚಿ ಮೇಲೆ ಕೂತು ಬಾಯಿ ತೆಗಿಯೋದಕ್ಕಿಂತ ಇದೇ ವಾಸಿ ಬಿಡಿ ಭಾವ.”

ಸಭೆ ಭಾನುವಾರ, ಕ್ಲಿನಿಕ್ಕಿನಲ್ಲೇ. ರೋಗಿಗಳು ಕಾಯುವ ಕುರ್ಚಿಗಳು, ಗೋಡೆಯ ಮೇಲೆ ಆಳೆತ್ತರದ ದವಡೆ ಹಲ್ಲಿನ ಚಿತ್ರ, ಮೂಗಿಗೆ ಲವಂಗದ ಎಣ್ಣೆಯ ವಾಸನೆ. ಅಕ್ಕ ನಡಾವಳಿ ಬರೆಯುತ್ತಿದ್ದಳು. ಪ್ರಿಂಟಿಂಗ್ ಪ್ರೆಸ್ಸಿನ ಯಜಮಾನರು ಪ್ರತಿ ಮಾತಿಗೂ “ಸರಿ, ಮುಂದೆ” ಎನ್ನುತ್ತಿದ್ದರು. ಸೀಟಿ ಟೀಚರ್ ಬಿಸ್ಕತ್ತು ತಿಂದು ಕೈ ಎತ್ತಿ ಬರುತ್ತಿದ್ದರು.

ಒಂದು ಭಾನುವಾರ ಹೊಸ ಕೊಠಡಿಯ ಚಾವಣಿಯ ಮಾತು ನಡೆದಿತ್ತು. ಶಾಲೆಯಿಂದ ಬಂದ ಫೋಟೋ ಕೈಯಿಂದ ಕೈಗೆ ದಾಟಿ ಅವರ ಬಳಿ ಬಂತು. ದೋಣಿಯ ತುಂಬ ಮಕ್ಕಳು. ಹುಟ್ಟು ಹಾಕುತ್ತಿರುವವರು ಮುಖ್ಯ ಶಿಕ್ಷಕಿ. ದೋಣಿಯ ಅಂಚಿಗೂ ನೀರಿಗೂ ಗೇಣಷ್ಟೇ ಅಂತರ.

“ಈ ಮಕ್ಕಳಿಗೆ ಈಜು ಬರತ್ತಾ?” ಎಂದರು. ಸಮಿತಿಯಲ್ಲಿ ಅವರು ಆಡಿದ ಮೊದಲ ಮಾತು ಅದು.

ಯಾರಿಗೂ ಗೊತ್ತಿರಲಿಲ್ಲ. ಭಾವ ಅಲ್ಲೇ ವಿಡಿಯೋ ಕರೆ ಹಚ್ಚಿದರು. ಮುಖ್ಯ ಶಿಕ್ಷಕಿಯ ಮಾತನ್ನು ಪಕ್ಕದಲ್ಲಿದ್ದ ಕಿರಿಯ ಶಿಕ್ಷಕಿ ಇಂಗ್ಲಿಷಿಗೆ ತಿರುಗಿಸಿ ತಿಳಿಸುತ್ತಾ ಹೋದಳು. ಇಲ್ಲ, ಮಕ್ಕಳಿಗೆ ಬರುವುದಿಲ್ಲ. ಅವರ ಅಪ್ಪ ಅಮ್ಮಂದಿರಿಗೂ ಬರುವುದಿಲ್ಲ. ಕಲಿಸುವವರೇ ಇರಲಿಲ್ಲ.

“ಮತ್ತೆ ನಿಮಗೆ?”

“ನನಗೂ ಬರಲ್ಲ,” ಎಂದು ಮುಖ್ಯ ಶಿಕ್ಷಕಿ ನಕ್ಕರು.

ಲೈಫ್ ಜಾಕೆಟ್ ಕಳಿಸಬೇಕೆಂದು ಅಂದೇ ತೀರ್ಮಾನವಾಯಿತು. ಅವುಗಳ ಜೊತೆ ತಾನೂ ಹೋಗುವುದಾಗಿ ಸೀಟಿ ಟೀಚರ್ ಹೇಳಿದಾಗ ಅಕ್ಕ ಪೆನ್ನು ಕೆಳಗಿಟ್ಟಳು.

“ನಿನಗ್ಯಾಕೆ ಬೇಕಿತ್ತೇ ಈ ವಯಸ್ಸಲ್ಲಿ? ಮಂಡಿ ನೋವು ಅಂತ ಮೆಟ್ಟಿಲೂ ಹತ್ತಲ್ಲ ನೀನು.”

“ನೋವೆಲ್ಲ ನೆಲದ ಮೇಲೆ ಕಣೇ ಅಕ್ಕ. ನೀರಿಗಿಳಿದ್ರೆ ಮಂಡಿ ಇದೆ ಅನ್ನೋದೇ ಮರೆತುಹೋಗತ್ತೆ.”

ಆದರೆ ಅಲ್ಲಿಯ ದಡದಲ್ಲಿ ನಿಂತಾಗ ಅವರ ಕಾಲು ಮುಂದೆ ಹೋಗಲಿಲ್ಲ. ಅವರು ಈವರೆಗೆ ಕಂಡಿದ್ದು ತಳ ಕಾಣುವ, ನೀಲಿ ಟೈಲ್ಸ್ ಹಾಸಿದ ಕೊಳದ ನೀರು. ಇದಕ್ಕೆ ಆಚೆಯ ದಡವೇ ಇರಲಿಲ್ಲ. ಮಂಜಿನೊಳಗಿಂದ ಮೊದಲು ಹುಟ್ಟಿನ ಸದ್ದು ಬಂತು. ಆಮೇಲೆ ಮಕ್ಕಳ ಕಲಕಲ. ಎಷ್ಟೋ ಹೊತ್ತಿನ ಮೇಲೆ, ಗಾಳಿಯಿಂದಲೇ ಮೂಡಿ ಬಂದ ಹಾಗೆ ದೋಣಿ. ಮುಖ್ಯ ಶಿಕ್ಷಕಿ ಗುಬ್ಬಚ್ಚಿಯಂಥ ಹೆಂಗಸು, ನರೆತ ತಲೆ, ಸೊಂಟಕ್ಕೆ ಬಿಗಿದ ಶಾಲು.

ಆ ದಡದ ಮಕ್ಕಳನ್ನೂ ಹತ್ತಿಸಿಕೊಂಡು ಹೊರಟ ಮೇಲೆ ಅರ್ಧ ದಾರಿಯಲ್ಲಿ ಗಾಳಿ ಎದ್ದಿತು. ದೋಣಿ ಒಂದು ಪಕ್ಕಕ್ಕೆ ವಾಲಿತು. ಮುಖ್ಯ ಶಿಕ್ಷಕಿ ಅದರ ಮೂತಿಯನ್ನು ಅಲೆಗೆ ಎದುರಾಗಿ ತಿರುಗಿಸಿ, ಏನೂ ಆಗಿಲ್ಲವೆಂಬಂತೆ ಮಗ್ಗಿ ಶುರುಮಾಡಿದರು. ಮಕ್ಕಳೆಲ್ಲ ದನಿ ಸೇರಿಸಿದರು. ಒಂದು ಮಗುವೂ ನೀರಿನ ಕಡೆ ನೋಡಲಿಲ್ಲ. ಎಲ್ಲರ ಕಣ್ಣು ಅವರ ಮುಖದ ಮೇಲೆ.

ನಡುಗಡ್ಡೆಯಲ್ಲಿ ದೋಣಿ ಕಟ್ಟಿ, ಮಕ್ಕಳು ತರಗತಿಗೆ ಓಡಿದ ಮೇಲೆ ಮುಖ್ಯ ಶಿಕ್ಷಕಿ ಎರಡೂ ಕೈಯನ್ನು ಶಾಲಿನೊಳಗೆ ಅಡಗಿಸಿಕೊಂಡರು. ಆ ಕೈಗಳು ಗಡಗಡ ನಡುಗುತ್ತಿದ್ದವು.

“ಭಯ ಆಯ್ತಾ?” ಸೀಟಿ ಟೀಚರ್ ಕಿರಿಯ ಶಿಕ್ಷಕಿಯ ಮೂಲಕ ಕೇಳಿದರು.

“ದಿನಾ ಆಗತ್ತೆ. ಶಾಲೆ ಶುರುವಾದಾಗಿನಿಂದ. ಮಕ್ಕಳಿಗೆ ಗೊತ್ತಾಗಬಾರದು, ಅಷ್ಟೇ.”

ನೀರಿಗೆ ಹೆದರದ ಗಟ್ಟಿಗಿತ್ತಿ ಎಂದು ಊರು ತನ್ನನ್ನು ಹೊಗಳುತ್ತಿತ್ತಲ್ಲ, ಅದು ಧೈರ್ಯವಲ್ಲ, ಬರೀ ರೂಢಿ ಎಂದು ಸೀಟಿ ಟೀಚರಿಗೆ ಆ ಕ್ಷಣ ಅನಿಸಿತು. ಧೈರ್ಯ ಇಗೋ, ಶಾಲಿನೊಳಗೆ ನಡುಗುತ್ತಾ ನಿಂತಿದೆ.

ನಡುಗಡ್ಡೆಯ ಹಿಂದೆ ದಡ ಒಳಸರಿದ ಬಾಗಿನಲ್ಲಿ ಅಲೆ ಇರಲಿಲ್ಲ. ಗೂಟ ನೆಟ್ಟು ಹಗ್ಗ ಕಟ್ಟಿ ಮಧ್ಯಾಹ್ನದ ಬಿಸಿಲಲ್ಲಿ ಪಾಠ ಆರಂಭವಾಯಿತು. ಮೊದಲ ದಿನ ಸೀಟಿ ಊದಿದ್ದೇ ಮರದ ಹಕ್ಕಿಗಳೆಲ್ಲ ಹಾರಿಹೋದವು, ಮಕ್ಕಳು ಮುಖ್ಯ ಶಿಕ್ಷಕಿಯ ಹಿಂದೆ ಅಡಗಿಕೊಂಡರು. ಸೀಟಿ ಜೇಬಿಗೆ ಹೋಯಿತು. ಕೆಲವೇ ವಾರಗಳಲ್ಲಿ ಮಕ್ಕಳು ಬಾತುಮರಿಗಳ ಹಾಗೆ ತೇಲತೊಡಗಿದರು. ಮುಖ್ಯ ಶಿಕ್ಷಕಿ ಮಾತ್ರ ದಿನವೂ ಮೊಣಕಾಲುದ್ದದ ನೀರಿನವರೆಗೆ ಬಂದು ನಿಂತುಬಿಡುತ್ತಿದ್ದರು.

ಸೀಟಿ ಟೀಚರ್ ಹೊರಡುವ ಹಿಂದಿನ ದಿನ, ಮಕ್ಕಳು ಒಳಗೆ ಹೋದ ಮೇಲೆ ಮುಖ್ಯ ಶಿಕ್ಷಕಿ ತಾವಾಗಿಯೇ ಎದೆಮಟ್ಟದ ನೀರಿಗೆ ಬಂದರು. ಸೀಟಿ ಟೀಚರ್ ಅವರ ಬೆನ್ನಿನಡಿ ಅಂಗೈ ಇಟ್ಟರು.

“ಕತ್ತು ಸಡಿಲ ಬಿಡಿ. ಕಿವಿ ಮುಳುಗಲಿ. ಆಕಾಶ ನೋಡಿ.”

ಮೈ ಹಲಗೆಯಂತೆ ಸೆಟೆದಿತ್ತು. ಎಷ್ಟೋ ಹೊತ್ತಿಗೆ ಉಸಿರು ಹದಕ್ಕೆ ಬಂತು, ಬೆರಳುಗಳು ಬಿಡಿಸಿಕೊಂಡವು. ಸೀಟಿ ಟೀಚರ್ ಮೆಲ್ಲಗೆ ಕೈ ತೆಗೆದರು. ಆಕೆ ಮುಳುಗಲಿಲ್ಲ. ನರೆಗೂದಲು ನೀರಿನ ಮೇಲೆ ಹರಡಿತು. ಶಾಲೆಯ ಕಿಟಕಿಯ ತುಂಬ ಮಕ್ಕಳ ಮುಖ. ಮುಖ್ಯ ಶಿಕ್ಷಕಿ ಆಕಾಶಕ್ಕೆ ಏನೋ ಹೇಳಿದರು.

ದಡದಲ್ಲಿದ್ದ ಕಿರಿಯ ಶಿಕ್ಷಕಿ ಕಣ್ಣೊರೆಸಿಕೊಂಡಳು. “‘ಇಷ್ಟು ವರ್ಷ ನನ್ನನ್ನ ಎತ್ಕೊಳ್ಳೋಕೆ ಕಾಯ್ತಿತ್ತಾ ಇದು?’ ಅಂತಿದಾರೆ.”

ಸೀಟಿ ಟೀಚರ್ ಆ ನೀರಿನಲ್ಲಿ, ಆ ಹೆಂಗಸಿನ ಪಕ್ಕದಲ್ಲೇ ನಿಂತಿದ್ದರು.

ಊರಿಗೆ ಬಂದ ಮೇಲೆ ಸಭೆಯಲ್ಲಿ ವರದಿ ಒಪ್ಪಿಸಬೇಕಿತ್ತು. ಸೀಟಿ ಟೀಚರ್ ಎದ್ದು ನಿಂತರು. ಅಕ್ಕ ಪೆನ್ನು ಹಿಡಿದು ಕಾಯ್ದಳು. “ಏನು ಬರೀಲೇ?”

“ಹೋಗಿ ನೋಡಬೇಕು ಅಂತ ಬರಿ.”

ಮರುವರ್ಷ ಸೀಟಿ ಟೀಚರ ಜೊತೆಗೆ ಅಕ್ಕ, ಭಾವ ಇಬ್ಬರೂ ಹೊರಟರು. ದಾರಿಯುದ್ದಕ್ಕೂ ಮಾತಾಡಿದ ಹಲ್ಲಿನ ಡಾಕ್ಟರು ದೋಣಿಯಲ್ಲಿ ತುಟಿ ಬಿಚ್ಚಲಿಲ್ಲ. ನಡುಗಡ್ಡೆಯಲ್ಲಿ ಇಳಿದವರೇ, ಇನ್ನೂ ಹುಟ್ಟು ಹಿಡಿದಿದ್ದ ಮುಖ್ಯ ಶಿಕ್ಷಕಿಗೆ ಕೈಮುಗಿದು ನಿಂತುಬಿಟ್ಟರು.