ಕಪ್ಪು ಕೋಟಿನ ಅರಿಶಿನ

ಬೀರುವಿನಿಂದ ಕಪ್ಪು ಕೋಟನ್ನು ಹೊರಗೆ ತೆಗೆದಾಗ ಮೊದಲು ಬಂದದ್ದು ನುಸಿಗುಳಿಗೆಯ ವಾಸನೆ. ಯಲಹಂಕದಾಚೆಯ ರೆಸಾರ್ಟೊಂದರಲ್ಲಿ ಗೆಳೆಯನ ಮಗನ ಮದುವೆ. ಆಮಂತ್ರಣದ ಕೆಳಗೆ ‘ಬ್ಲ್ಯಾಕ್ ಟೈ’ ಎಂದಿತ್ತು. ಕಪ್ಪು ಟೈ ಕಟ್ಟಿದರೆ ಸಾಕು ಎಂದುಕೊಂಡಿದ್ದೆ. ಸಾಲದಂತೆ. ಕುತ್ತಿಗೆಗೆ ಚಿಟ್ಟೆಯಾಕಾರದ ಬೋ ಇರಬೇಕು, ಕೋಟಿನ ಕಾಲರಿಗೆ ಸ್ಯಾಟಿನ್ ಹೊಳಪಿರಬೇಕು ಎಂದು ಮಗಳು ಫೋನಿನಲ್ಲಿ ಚಿತ್ರ ತೋರಿಸಿದಳು.

"ಇದನ್ನ ಹಾಕ್ಕೊಂಡ್ ಹೋದ್ರೆ ಊಟ ಬಡ್ಸಕ್ಕೆ ಕರೀತಾರೆ ಅಪ್ಪಾ. ಬಾಡಿಗೆಗೆ ತಗೋ."

ಕೋಟಿನ ಒಳಮಗ್ಗುಲು ತಿರುಗಿಸಿದೆ. ಎಡಜೇಬಿನ ಮೇಲೆ, ಲೈನಿಂಗಿನ ಅಂಚಿನಲ್ಲಿ, ಬೆರಳಗಲದ ಹಳದಿ ಕಲೆ ಇನ್ನೂ ಇತ್ತು...

ನನ್ನ ಮದುವೆಗೆ ಮುಂಚೆ ಆರ್.ಟಿ. ನಗರದಲ್ಲಿ ಅಪ್ಪ, ನಾನು ಮಹಡಿಯ ಮೇಲಿದ್ದೆವು. ಕೆಳಗಿನ ಮನೆಯಲ್ಲಿ ಆಂಟಿ. ಅವರ ಗಂಡ ತೀರಿಕೊಂಡು ವರ್ಷಗಳಾಗಿದ್ದವು. ನನಗೆ ಅಮ್ಮ ಇರಲಿಲ್ಲ. ನನ್ನ ರಿಸೆಪ್ಷನ್ನಿಗೆ ಹೊಲಿಸಿದ ಈ ಕೋಟನ್ನು ತೋರಿಸಲು ಕೆಳಗಿಳಿದಿದ್ದೆ. ಅವರು ಸೊಪ್ಪು ಬಿಡಿಸುತ್ತಿದ್ದರು ಎಂದು ನೆನಪು. ಅದು ಬೇರೆ ದಿನದ್ದೂ ಇರಬಹುದು.

"ಮದುವೆಗೆ ಹೋಗ್ತಿದೀಯೋ, ಕೋರ್ಟಿಗೋ? ಕರೀದೇ ಬೇಕಿತ್ತೇನೋ?" ಎಂದು ನಕ್ಕರು. ಆಮೇಲೆ ಬಟ್ಟೆ ಸವರಿ, "ಅರಿಶಿನ ಹಚ್ಚಿಲ್ವಲ್ಲ" ಅಂದರು. ಹೊಸ ಬಟ್ಟೆ ಉಡುವ ಮುನ್ನ ಮೂಲೆಗಿಷ್ಟು ಅರಿಶಿನ ಮುಟ್ಟಿಸುವುದು ನಮ್ಮ ಮನೆಗಳ ವಾಡಿಕೆ.

"ನೀವೇ ಹಚ್ಚಿ ಆಂಟಿ."

"ನಾನಾ? ಬೇಡಪ್ಪ, ಮದುವೆ ಬಟ್ಟೆ. ಯಾರಾದ್ರೂ ಮುತ್ತೈದೆ ಕೈಲಿ ಹಚ್ಸು."

ಅಮ್ಮನ ಬದಲು ನೀವೇ ಅಲ್ಲವೇ ಎಂದೆನೇ? ಅಥವಾ ಕೋಟನ್ನಷ್ಟೇ ಅವರ ಮುಂದೆ ಹಿಡಿದೆನೇ? ಮಾತಿನ ಬಗ್ಗೆ ನನಗೆ ಖಾತ್ರಿಯಿಲ್ಲ. ಅವರು ಎದ್ದು ಬಾಗಿಲನ್ನು ಮುಂದಕ್ಕೆ ಎಳೆದದ್ದು ಮಾತ್ರ ನಿಜ. ಅರಿಶಿನದ ಬಟ್ಟಲಿಗೆ ಬೆರಳದ್ದಿ, ಹೊರಗೆ ಕಾಣದಂತೆ ಲೈನಿಂಗಿಗೆ ಹಚ್ಚಿದರು. "ಯಾರ್ಗೂ ಹೇಳ್ಬೇಡ ಕಣೋ."

ಮದುವೆಯ ನಂತರ ಎಲ್ಲಿ ಸಿಕ್ಕರೂ ಅವರದು ಒಂದೇ ಪ್ರಶ್ನೆ: "ಇಬ್ರೂ ಚೆನ್ನಾಗಿದೀರಾ?" ಎಲ್ಲರೂ ಕೇಳುವ ಮಾತೆಂದುಕೊಂಡಿದ್ದೆ. ಆದರೆ ಉತ್ತರಕ್ಕೆ ಕಾಯುವಾಗ ಅವರು ನಮ್ಮ ಮುಖಗಳಲ್ಲಿ ಏನನ್ನೋ ಹುಡುಕುತ್ತಿದ್ದರು. ಒಮ್ಮೆ ನನಗೆ ಜ್ವರ ಏರಿದಾಗ, ಮಂಡಿನೋವಿನಲ್ಲೂ ದಿನಾ ಮೆಟ್ಟಿಲು ಹತ್ತಿ ಬಂದು ಬಾಗಿಲಲ್ಲೇ ನಿಂತು ವಿಚಾರಿಸಿ ಹೋಗುತ್ತಿದ್ದರು. ತಮ್ಮ ಕೈಯಿಂದ ನಮಗೇನಾದರೂ ಆದೀತೆಂಬ ಅಂಜಿಕೆಯೇ? ಅಥವಾ ಈ ಅರ್ಥವನ್ನೆಲ್ಲ ನಾನು ಈಗ ಕಟ್ಟುತ್ತಿದ್ದೇನೆಯೇ... ಕೇಳೋಣವೆಂದರೆ ಅವರಿಲ್ಲ. ಆ ಮನೆಯ ಜಾಗದಲ್ಲಿ ಈಗ ಫ್ಲ್ಯಾಟುಗಳಿವೆ.

ಬಾಡಿಗೆ ಕೋಟು ತರಲಿಲ್ಲ. ಬೋ ಒಂದನ್ನು ಕೊಂಡೆ. ಮದುವೆಯ ಸಂಜೆ ಹಳೆಯ ಕೋಟಿನ ಗುಂಡಿ ಹೊಟ್ಟೆಯ ಮೇಲೆ ಕೂಡಲಿಲ್ಲ, ತೆರೆದೇ ಬಿಟ್ಟೆ. ಬೋ ನೆಟ್ಟಗೆ ಮಾಡುತ್ತಿದ್ದ ಹೆಂಡತಿಯ ಕಣ್ಣು ಒಳಗಿನ ಕಲೆಯ ಮೇಲೆ ಬಿತ್ತು. ಅದು ಯಾರ ಬೆರಳೆಂದು ಮೊದಲ ಸಲ ಹೇಳಿದೆ. ಅವರು ಹಾಗೇಕೆ ಕೇಳುತ್ತಿದ್ದಿರಬಹುದು ಎಂಬುದನ್ನೂ ಹೇಳಿದೆ.

ಅವಳ ಕೈ ಅಲ್ಲೇ ನಿಂತಿತು. "ಚೆನ್ನಾಗಿದೀವಿ ಅಂತ ಪ್ರತಿ ಸಲ ಹೇಳ್ತಿದ್ವಲ್ಲ... ನಂಬ್ತಿದ್ರಾ?"

ಅವಳು ಕೋಟಿನ ಎಡಮಗ್ಗುಲನ್ನು ಒಮ್ಮೆ ಸವರಿದಳು. ಇಬ್ಬರೂ ಹೊರಟೆವು.