ಸರಪಳಿ ಕಟ್ಟಿದ ಭಾವ

ನನ್ನ ಅಕ್ಕನ ಗಂಡ ಮಾತಿನಲ್ಲಿ ಮಹಾ ಜಿಪುಣ. ಹತ್ತು ಪ್ರಶ್ನೆ ಕೇಳಿ ಒಂದಕ್ಕೆ ‘ಹೂಂ’ ಅನ್ನಿಸಿಕೊಂಡರೆ ಅದೇ ಪುಣ್ಯ. ನಾನೋ ಬಾಯಿಬಡುಕಿ. ಹೆರಿಗೆ ಮಾಡಿಸುವ ನನ್ನಂಥ ದಾದಿ ಬಾಯಿಮುಚ್ಚಿಕೊಂಡಿದ್ದರೆ ನೋವು ತಿನ್ನುವವಳಿಗೆ ಇನ್ನಷ್ಟು ಹೆದರಿಕೆ. ಭಾವನದು ಗಾಡಿ ರಿಪೇರಿ ಶೆಡ್ಡು. ಅವರ ಬಲ ಮಂಡಿ ಕೆಟ್ಟು ವರ್ಷಗಳಾದವು. ನಡೆದರೆ ನೋವು, ಪೆಡಲ್ ತುಳಿದರೆ ಇಲ್ಲ. ಹಾಗಾಗಿ ಎಲ್ಲಿಗೆ ಹೋದರೂ ಸೈಕಲ್. “ಅಕ್ಕನಿಗಿಂತ ಅದರ ಮೇಲೇ ನಿಮಗೆ ಪ್ರೀತಿ” ಎಂದು ರೇಗಿಸಿದರೆ, “ಅದು ಮಾತಾಡಲ್ಲ” ಎನ್ನುತ್ತಾರೆ.

ಆ ಚಳಿಗಾಲ ನನ್ನ ಮಗಳಿಗೆ ದಿನ ತುಂಬಿತ್ತು. ಅವಳ ಮನೆ ಗುಡ್ಡದ ನೆತ್ತಿಯಲ್ಲಿ. ಹಿಮ ಸುರಿದು ನಿಂತ ಬೆಳಿಗ್ಗೆ ಅಳಿಯ ಫೋನ್ ಮಾಡಿದ: “ಅತ್ತೆ, ನೋವು ಶುರುವಾಗಿದೆ. ಆಂಬುಲೆನ್ಸ್‌ನವರು ಮೇಲೆ ಬರಕ್ಕಾಗಲ್ಲ ಅಂತಿದ್ದಾರೆ.” ಊರೊಳಗಿನ ರಸ್ತೆಯ ಹಿಮವನ್ನಷ್ಟೇ ಬಾಚಿದ್ದರು. ನನ್ನ ಬಳಿ ಇದ್ದದ್ದು ಆಸ್ಪತ್ರೆಯ ಎಟಿವಿ; ಬೈಕಿನ ಹಾಗೆ ಹ್ಯಾಂಡಲ್, ಗಾಲಿ ಮಾತ್ರ ನಾಲ್ಕು. ಹಿಮದಲ್ಲಿ ಜಾರದಂತೆ ಗಾಲಿಗೆ ಸರಪಳಿ ಕಟ್ಟದೆ ಅದು ಆ ಏರು ಹತ್ತುವುದು ಕನಸಿನ ಮಾತು. ನೇರ ಭಾವನ ಶೆಡ್ಡಿಗೆ ಹೋದೆ.

ಗೋಡೆಯ ಮೊಳೆಗಳಲ್ಲಿ ಸರಪಳಿಗಳು ನೇತಾಡುತ್ತಿದ್ದವು. ಎಲ್ಲಕ್ಕಿಂತ ದಪ್ಪನೆಯದಕ್ಕೆ ಕೈಹಾಕಿದೆ. ಭಾವ ಅದನ್ನು ಕಿತ್ತುಕೊಂಡು ಮತ್ತೆ ಮೊಳೆಗೇ ಹಾಕಿದರು.

“ಯಾಕೆ ಭಾವ? ನನ್ನ ಮಗಳ ಜೀವದ ಮಾತಿದು.”

“ಬ್ರೇಕ್ ಪೈಪಿಗೆ ತಾಗುತ್ತೆ.”

ಟೈರಿನ ಪಕ್ಕದ ನಂಬರು ಓದಿ, ಅದೇ ನಂಬರಿನ ತೆಳ್ಳನೆಯ ಜೊತೆ ಆರಿಸಿದರು. ಹಿಂದಿನ ಗಾಲಿಗಳ ಗಾಳಿ ಸ್ವಲ್ಪ ಇಳಿಸಿ, ಸರಪಳಿ ಹೊದಿಸಿ, ಕೊಕ್ಕೆಯ ಬಾಯಿ ಟೈರಿಗೆ ಚುಚ್ಚದಂತೆ ಹೊರಕ್ಕೆ ತಿರುಗಿಸಿ ಸಿಕ್ಕಿಸಿ, ಮತ್ತೆ ಗಾಳಿ ತುಂಬಿದರು.

“ನೀರಿನ ಟ್ಯಾಂಕ್ ತನಕ ಹೋಗಿ ಬಾ.”

“ನಾನೇನು ಮೋಜಿನ ಸವಾರಿಗೆ ಹೊರಟಿದೀನಾ?” ಎಂದು ಸಿಡುಕಿದೆ. ಅವರು ಗೇಟಿನತ್ತ ಕೈ ತೋರಿಸಿದರು. ಹಲ್ಲು ಕಡಿಯುತ್ತಾ ಹೋದೆ. ಟ್ಯಾಂಕ್ ಮುಟ್ಟುವ ಮೊದಲೇ ಸರಪಳಿ ಸಡಿಲವಾಗಿ ಮಡ್‌ಗಾರ್ಡಿಗೆ ಟಪಟಪ ಬಡಿಯತೊಡಗಿತು.

ಭಾವ ಬಗ್ಗಿ ನೋಡಿ ಹಣೆ ಚಚ್ಚಿಕೊಂಡರು. ನಂಬರೇನೋ ಸರಿಯಾಗಿತ್ತು, ಆದರೆ ಮನೆಮನೆ ಸುತ್ತಿ ನನ್ನ ಟೈರು ಸವೆದು ಬೋಳಾಗಿತ್ತು. “ನಂಬರ್ ನೋಡಿದೆ, ಟೈರ್ ನೋಡಲಿಲ್ಲ. ನಂದೇ ತಪ್ಪು” ಎಂದರು. ಅವರ ಬಾಯಿಂದ ಅಷ್ಟುದ್ದದ ಮಾತು ನಾನು ಕೇಳಿದ್ದೇ ಕಡಿಮೆ. ಸರಪಳಿಯನ್ನು ಬಿಗಿಯಾಗಿ ಎಳೆದು ಹಿಡಿಯಲು ರಬ್ಬರ್ ಬೇಕಿತ್ತು. ಮೂಲೆಯಲ್ಲಿದ್ದ ಹಳೇ ಲಾರಿ ಟ್ಯೂಬು ಚಳಿಗೆ ಸೆಟೆದು, ಎಳೆದ ಕೂಡಲೇ ಬಿರಿಯಿತು.

ಅಷ್ಟರಲ್ಲಿ ಮತ್ತೆ ಅಳಿಯನ ಫೋನ್. ಹೊರಗೆ ಹೋಗಿ ಅವನಿಗೆ ಧೈರ್ಯ ಹೇಳಿ ಬರುವಷ್ಟರಲ್ಲಿ ಭಾವ ಕಪ್ಪು ರಬ್ಬರಿನ ಪಟ್ಟಿಗಳನ್ನು ಕತ್ತರಿಸುತ್ತಿದ್ದರು. ಎಲ್ಲಿಂದ ಬಂತೆಂದು ಕೇಳುವ ವ್ಯವಧಾನ ನನಗೆಲ್ಲಿ? ಗಾಲಿಯ ಹೊರಮೈಯಲ್ಲಿ ಅಡ್ಡಡ್ಡ ಎಳೆದು ಸರಪಳಿಗೆ ಕಟ್ಟಿದರು. ಇನ್ನೊಮ್ಮೆ ಟ್ಯಾಂಕ್ ತನಕ ಹೋಗಿ ಬಂದೆ. ಸದ್ದಿರಲಿಲ್ಲ.

ಗುಡ್ಡದ ದಾರಿಗೆ ಒಂದು ಕಡೆ ಕಮರಿ, ಇನ್ನೊಂದು ಕಡೆ ಬಂಡೆ. ಗಾಡಿ ಹಿಮವನ್ನು ಕಚ್ಚಿ ಕಚ್ಚಿ ಹತ್ತಿತು, ಒಂದು ಗೇಣೂ ಜಾರಲಿಲ್ಲ. ನಾನು ಹೋಗಿ ಕೈ ತೊಳೆಯುವುದಕ್ಕೂ ಮಗುವಿನ ತಲೆ ಕಾಣುವುದಕ್ಕೂ ಸರಿಹೋಯಿತು. ಹೊಕ್ಕುಳಬಳ್ಳಿ ಕುತ್ತಿಗೆಗೆ ಸುತ್ತಿಕೊಂಡಿತ್ತು. ಬಿಡಿಸಿದೆ. ಮೊಮ್ಮಗಳು ಅತ್ತಾಗ ನಾನೂ ಅತ್ತುಬಿಟ್ಟೆ. ತಲುಪದಿದ್ದರೆ ಏನಾಗುತ್ತಿತ್ತೆಂದು ಯೋಚಿಸಲು ಈಗಲೂ ಹೋಗುವುದಿಲ್ಲ. ಆ ಸರಪಳಿ ಕಟ್ಟಿದ ಕೈಗಳನ್ನು ನೆನೆದು ಕೈಮುಗಿಯುತ್ತೇನೆ, ಅಷ್ಟೆ.

ಮರುದಿನ ಕೆಳಗಿಳಿದು ಬರುವಾಗ ಭಾವ ಸಿಕ್ಕಿದರು. ಕೋಲೂರಿಕೊಂಡು, ಬಲಗಾಲು ಎಳೆಯುತ್ತಾ ಶೆಡ್ಡಿಗೆ ನಡೆದು ಹೋಗುತ್ತಿದ್ದರು.

“ಮಗು?” ಎಂದರು.

“ಹೆಣ್ಣು. ಇಬ್ಬರೂ ಚೆನ್ನಾಗಿದಾರೆ. ನಿಮ್ಮ ಸೈಕಲ್ ಎಲ್ಲಿ ಭಾವ?”

ಅವರು ಕೋಲಿನಿಂದ ನನ್ನ ಹಿಂದಿನ ಗಾಲಿ ತೋರಿಸಿದರು. ಬಗ್ಗಿ ನೋಡಿದೆ. ರಬ್ಬರ್ ಪಟ್ಟಿಯೊಂದರ ಮೇಲೆ ಪಂಕ್ಚರ್ ತೇಪೆ ಇತ್ತು. ದಾರಿ ತೆರೆದು ಅಂಗಡಿಗೆ ಹೊಸ ಟ್ಯೂಬು ಬರುವ ತನಕ ಈ ಮಂಡಿಯಲ್ಲೇ ನಡೆಯಬೇಕೆಂದು ಗೊತ್ತಿದ್ದೂ ಸೈಕಲ್ಲಿನ ಎರಡೂ ಗಾಲಿಯ ಟ್ಯೂಬು ಕತ್ತರಿಸಿದ್ದರು.

“ಹತ್ತಿ” ಎಂದೆ. ಹಿಂದೆ ಕೂತರು. ಶೆಡ್ಡು ಬರುವ ತನಕ ನಾನು ತುಟಿಪಿಟಕ್ಕೆನ್ನಲಿಲ್ಲ.

ಇಳಿದ ಮೇಲೆ ಭಾವನೇ ನನ್ನ ಮುಖ ನೋಡಿ ಕೇಳಿದರು: “ಹುಷಾರಾಗಿದೀಯ ತಾನೆ?”