ಒಂದು ದಿನ ತಡವಾಗಿ ಬರುತ್ತಿದ್ದ ರಿವ್ಕಾ

ಸ್ಯಾನ್ ಫ್ರಾನ್ಸಿಸ್ಕೋ ಬಳಿಯ ಮಿಲ್ಪಿಟಾಸಿನ ನೆಂಟರ ನಡುವೆ ಖತೀಜಾಳ ಕೆಲಸದ ಮಾತು ಬಂದರೆ ಇಂದಿಗೂ ಹುಬ್ಬುಗಳು ಮೇಲೇರುತ್ತವೆ. ಎಲ್ಲರೂ ಚಿಪ್ಪು, ಕ್ಲೌಡು ಎಂದು ಓಡಾಡುವ ಊರಲ್ಲಿ, ಮೈಸೂರಿನ ಮಂಡಿ ಮೊಹಲ್ಲಾದ ಹೆಣ್ಣುಮಗಳು ಹೋಗಿ ಹೋಗಿ ಯಹೂದಿಗಳ ಪ್ರಾರ್ಥನಾಮಂದಿರದ, ಅವರ ಸಿನಗಾಗಿನ, ಆಫೀಸಿನಲ್ಲಿ ಕೂತಿದ್ದಾಳೆ! ಎಂಟು ವರ್ಷವಾಯಿತು. ಪ್ರತಿ ಶುಕ್ರವಾರದ ಸುದ್ದಿಪತ್ರ ಅವಳ ಕೈಯಿಂದಲೇ ಹೊರಡಬೇಕು. ಯಾರಿಗೆ ಮೊಮ್ಮಗು ಹುಟ್ಟಿತು, ಯಾರ ಮಗಳು ಡಾಕ್ಟರಾದಳು, ಯಾರಿಗೆ ಪ್ರಶಸ್ತಿ ಬಂತು ಎಂದು 'ಮಾಜಲ್ ಟಾವ್' ಹೇಳಿ ಹರಸುವುದಕ್ಕೆ ಒಂದು ಪುಟ. ಅದರ ಬೆನ್ನಿಗೇ, ಆ ವಾರ ಪುಣ್ಯತಿಥಿ ಬರುವವರ ಹೆಸರುಗಳ ಪುಟ. ಆ ಮನೆಗಳಿಗೆ ಮೊದಲೇ ಒಂದು ಕಾರ್ಡು ಹೋಗುತ್ತದೆ: ಇಂಥ ಸಂಜೆ ದೀಪ ಹಚ್ಚಿ, ಮರುದಿನ ಸಂಜೆಯವರೆಗೆ ಉರಿಯಲಿ ಎಂದು. ಅವರ ಪಂಚಾಂಗದ ಲೆಕ್ಕ ಕಂಪ್ಯೂಟರಿನದು, ಸತ್ತ ದಿನವನ್ನು ಅದಕ್ಕೆ ತುಂಬುವ ಕೆಲಸ ಖತೀಜಾಳದು.

ಆ ನವೆಂಬರಿನಲ್ಲಿ ಲಿಯೋ ಸ್ಯಾಂಡ್ಲರ್ ಅವರಿಗೆ ಪದಕ ಬಂತು. ಸೌತ್ ಸ್ಯಾನ್ ಫ್ರಾನ್ಸಿಸ್ಕೋದ ಲ್ಯಾಬೊಂದರಲ್ಲಿ ಔಷಧಿ ಬಿಸಿಲಿಗೆ ಕೆಡದಂತೆ ಮಾಡುವುದಕ್ಕೆ ಆಯುಸ್ಸು ಸವೆಸಿದ, ತೊಂಬತ್ತರ ಜೀವ. "ನನ್ನ ಫೋಟೋ ಪಕ್ಕದಲ್ಲಿ ರಿವ್ಕಾಳದ್ದೂ ಇರಲಿ, ಖತೀಜಾ. ಅವಳಿಲ್ಲದೆ ನನಗೆಂಥ ಪದಕ?" ಎಂದಿದ್ದರು. ರಿವ್ಕಾ ಅವರ ಹೆಂಡತಿ, ಎಂಟು ವರ್ಷದ ಹಿಂದೆ ಹೋದವರು.

ಪ್ರತಿ ವರ್ಷ ತಿಥಿ ಮುಗಿದ ಮೇಲೆ ಲಿಯೋ ಆಫೀಸಿಗೆ ಬಂದು ಒಂದೇ ಮಾತು ಹೇಳುತ್ತಿದ್ದರು. "ಈ ಸಲವೂ ರಿವ್ಕಾ ಲೇಟು. ದೀಪ ಆರಿದ ಮೇಲೆ ಬಂದಳು. ಅಡುಗೆಮನೆಯ ಡ್ರಾಯರುಗಳನ್ನು ಒಂದೊಂದಾಗಿ ಎಳೆದು ಏನನ್ನೋ ಹುಡುಕಿದಳು. ಏನು ಬೇಕೇ ಅಂತ ಕೇಳಿದರೂ ಹುಡುಕುತ್ತಲೇ ಇದ್ದಳು. ಬದುಕಿದ್ದಾಗಲೂ ಒಂದು ಕಡೆಗೂ ಹೊತ್ತಿಗೆ ಸರಿಯಾಗಿ ಹೋದವಳಲ್ಲ ಬಿಡು." ಖತೀಜಾ ನಗುತ್ತಿದ್ದಳು. ಆದರೆ ಆ ದಿನ ಫೈಲುಗಳ ಕೋಣೆಗೆ ಒಬ್ಬಳೇ ಹೋಗಲು ಅವಳಿಗೆ ಕಾಲೇಳುತ್ತಿರಲಿಲ್ಲ.

ಮಂಗಳವಾರ ಮಧ್ಯಾಹ್ನ ಮೂರಕ್ಕೆ ಫೋಟೋಗಾಗಿ ಸ್ಯಾಂಡ್ಲರ್ ಮನೆಯ ಹಳೆಯ ಫೈಲು ತೆಗೆದಳು. ಮೇಲೆಯೇ ಇತ್ತು, ರಿವ್ಕಾ ಹೋದಾಗ ಲಿಯೋ ತುಂಬಿಸಿದ್ದ ಫಾರ್ಮು. ಸಾವಿನ ಸಮಯ: ರಾತ್ರಿ ಎಂಟು ಹತ್ತು.

ಅವಳು ಅದನ್ನು ಮತ್ತೊಮ್ಮೆ ಓದಿದಳು. ಯಹೂದಿಗಳಿಗೆ ಸೂರ್ಯ ಮುಳುಗಿದರೆ ಮರುದಿನ ಶುರು. ಕತ್ತಲಾದ ಮೇಲೆ ಸತ್ತವರ ತಿಥಿ ಮರುದಿನದ್ದೇ ಆಗಬೇಕು. ಅದಕ್ಕೆಂದೇ ಕಂಪ್ಯೂಟರಿನಲ್ಲಿ ಒಂದು ಪುಟ್ಟ ಚೌಕವಿದೆ, ಗುರುತು ಹಾಕಿದರೆ ಸಾಕು. ಕೆಲಸಕ್ಕೆ ಸೇರಿದ ಹೊಸತರಲ್ಲಿ ಅವಳು ಅದನ್ನು ಖಾಲಿ ಬಿಟ್ಟಿದ್ದಳು. ಬೇರೆ ಯಾರಾದರೂ ಬಿಟ್ಟಿದ್ದರೆ ಮಾತು ಬೇರೆ. ಗುರುವಾರ ಸಂಜೆಯ ಮಗ್ರಿಬ್ ನಮಾಜು ಆದರೆ ಶುಕ್ರವಾರ ಬಂತು ಎನ್ನುವ ಮನೆಯಲ್ಲಿ ಬೆಳೆದವಳು ಇವಳು! ಏಳು ವರ್ಷ ಅವಳ ಕಾರ್ಡು ಲಿಯೋ ಕೈಲಿ ಒಂದು ಸಂಜೆ ಮುಂಚೆಯೇ ದೀಪ ಹಚ್ಚಿಸಿತ್ತು. ಈ ವರ್ಷವೂ ನಿನ್ನೆಯೇ ಹಚ್ಚಿರುತ್ತಾರೆ. ನಿಜವಾದ ದಿನ ಶುರುವಾಗುವುದು ಈವತ್ತು ಸಂಜೆ ಐದಕ್ಕೆ, ಆ ದೀಪ ಆರುವ ಹೊತ್ತಿಗೆ.

ಪಾರ್ಕಿಂಗಿನಲ್ಲಿ ನಿಂತು ಪಕ್ಕದ ಮನೆಯ ಹರಿಪ್ರಿಯಾಗೆ ಫೋನು ಮಾಡಿದಳು. ಎಲ್ಲ ಹೇಳಿ, "ಗೊತ್ತಾದ್ರೆ ಕೆಲಸ ಹೋಗತ್ತೇನೋ ಕಣೇ. ಸುಮ್ನೆ ಮುಂದಿನ ವರ್ಷದಿಂದ ಸರಿ ಮಾಡ್ಬಿಡ್ಲಾ?" ಎಂದಳು.

"ತಿಥಿ ತಪ್ಪಿದ್ರೆ ಹೋದವ್ರು ಬಾಗಿಲಲ್ಲೇ ನಿಂತಿರ್ತಾರೆ ಅಂತ ನಮ್ಮಜ್ಜಿ ಹೆದರ್ಸೋರು," ಎಂದಳು ಹರಿಪ್ರಿಯಾ. "ಅವ್ರಿಗೆ ತೊಂಬತ್ತು ಅಂತೀಯ. ಮುಂದಿನ ವರ್ಷ ಯಾರು ಕಂಡಿದಾರೆ? ಮೊದ್ಲು ಹೋಗೇ."

ಖತೀಜಾ ಆಫೀಸಿನ ಕಪಾಟಿನಿಂದ ಗಾಜಿನ ಲೋಟದ ಮೇಣದ ದೀಪವೊಂದನ್ನು ತೆಗೆದುಕೊಂಡು ಹೊರಟಳು. ಫ್ರೀವೇ ತುಂಬ ಗಾಡಿಗಳು. ಲಿಯೋ ಮನೆಯ ಬಾಗಿಲು ತಟ್ಟುವಾಗ ಐದಕ್ಕೆ ಹತ್ತು ನಿಮಿಷವಿತ್ತು. ಒಳಗೆ ಮೇಜಿನ ಮೇಲೆ ನಿನ್ನೆಯ ದೀಪ ತಳ ಕಂಡಿತ್ತು.

"ತಪ್ಪು ನನ್ನದು, ಲಿಯೋ," ಎಂದು ನಿಂತಲ್ಲೇ ಎಲ್ಲ ಹೇಳಿದಳು.

ಲಿಯೋ ಕುರ್ಚಿ ಹಿಡಿದುಕೊಂಡು ಕೂತರು. ಅಡುಗೆಮನೆಯ ಡ್ರಾಯರುಗಳ ಕಡೆ ನೋಡಿದರು.

"ಅವಳು ಸರಿಯಾದ ದಿನಕ್ಕೇ ಬರುತ್ತಿದ್ದಳು," ಎಂದರು. "ಏಳು ವರ್ಷ ಲೇಟು ಲೇಟು ಅಂತ ನಾನೇ ಅವಳನ್ನು ಬೈದೆ."

ಖತೀಜಾ ಅತ್ತುಬಿಟ್ಟಳು. ಲಿಯೋ ಅಳಲಿಲ್ಲ. ಅವಳ ಕೈಯಿಂದ ಹೊಸ ದೀಪ ತೆಗೆದುಕೊಂಡರು. ಎರಡು ಕಡ್ಡಿ ಆರಿಹೋದವು. ಮೂರನೆಯದಕ್ಕೆ ದೀಪ ಹತ್ತಿಕೊಂಡಿತು.

ಮರುದಿನ ಬೆಳಗ್ಗೆ ಅವರೇ ಫೋನು ಮಾಡಿದರು. "ರಾತ್ರಿಯೆಲ್ಲ ಎದ್ದು ಕೂತಿದ್ದೆ. ಒಂದು ಡ್ರಾಯರೂ ಸದ್ದು ಮಾಡಲಿಲ್ಲ, ಖತೀಜಾ. ಅವಳು ಬರಲಿಲ್ಲ."

ವರ್ಷಕ್ಕೊಂದು ರಾತ್ರಿ ಆ ಮುದುಕನ ಮನೆಯಲ್ಲಿ ಇನ್ನೊಂದು ಸದ್ದಿತ್ತು. ಅದನ್ನೂ ತಾನು ಕಿತ್ತುಕೊಂಡೆನಲ್ಲ ಎನಿಸಿತು ಖತೀಜಾಗೆ. ಕಂಪ್ಯೂಟರಿನ ಪರದೆಯ ಮೇಲೆ ಆ ಖಾಲಿ ಚೌಕ ಇನ್ನೂ ಹಾಗೆಯೇ ಇತ್ತು.

"ಮುಂದಿನ ವರ್ಷದ ಕಾರ್ಡಿಗೆ ಯಾವ ದಿನ ಹಾಕಲಿ, ಲಿಯೋ?" ಎಂದು ಮೆಲ್ಲಗೆ ಕೇಳಿದಳು.

"ಸರಿಯಾದ ದಿನವನ್ನೇ ಹಾಕು," ಎಂದರು ಲಿಯೋ. "ಇಷ್ಟು ವರ್ಷ ಕತ್ತಲಲ್ಲಿ ದೀಪ ಹುಡುಕಿದ್ದಾಳೆ. ಸಾಕು."